ಕೈತೂಕದ ಮೇಷ್ಟ್ರು ಮತ್ತು ಬಣ್ಣ ತಿಳಿಯದ ಆರ್ಕಿಡ್

ರಾಜಾಜಿನಗರದ ನಮ್ಮ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಮೂವತ್ತನಾಲ್ಕು ವರ್ಷಗಳ ಕಾಲ ವಿದ್ಯಾರ್ಥಿಗಳಿಗೆ ಅಳೆಯುವುದನ್ನು ಕಲಿಸಿದ, ಅಳೆದದ್ದನ್ನು ಇದ್ದಂತೆಯೇ ಬರೆಯುವುದನ್ನು ಅದಕ್ಕಿಂತ ಹೆಚ್ಚು ಶ್ರಮಪಟ್ಟು ಕಲಿಸಿದ ಪ್ರೊಫೆಸರ್ ಗುರುಬಸಪ್ಪನವರು ಕಳೆದ ವರ್ಷ ಮೇ ತಿಂಗಳ ಕೊನೆಯ ದಿನ ನಿವೃತ್ತರಾದರು. ಲೋಲಕವನ್ನೂ ಸ್ಕ್ರೂ ಗೇಜನ್ನೂ ಚೆನ್ನಾಗಿ ಪಾಠ ಮಾಡುವ ಬೋಧಕರು ನಗರದ ಈ ಭಾಗದಲ್ಲಿ ಬಹಳ ಮಂದಿ ಇದ್ದಾರೆ. ಆದರೆ ವಿದ್ಯಾರ್ಥಿಯೊಬ್ಬ ಪುಸ್ತಕದಲ್ಲಿರುವುದಕ್ಕಿಂತ ಬೇರೆಯೇ ಉತ್ತರ ತಂದಾಗ ಕನ್ನಡಕ ಏರಿಸಿಕೊಂಡು, ಕುರ್ಚಿ ಮುಂದಕ್ಕೆಳೆದುಕೊಂಡು, ಹಬ್ಬದ ಊಟಕ್ಕೆ ಕುಳಿತವರ ಮುಖ ಮಾಡುವ ಬೋಧಕರನ್ನು ನಾನು ಇವರೊಬ್ಬರನ್ನೇ ಕಂಡಿದ್ದು. ಈ ಅಭಿನಂದನ ಸಂಪುಟದ ಸಂಪಾದಕರಾದ ಶಶಿಕುಮಾರ್ ಅವರು ನನಗೆ ಕೊಟ್ಟ ವಿಷಯ ‘ಗುರುಬಸಪ್ಪನವರ ಬೋಧನಾ ವಿಧಾನ’. ನಾನು ಬರೆಯುತ್ತಿರುವುದು ಅವರ ಬಾಲ್ಕನಿಯ ಒಂದು ಆರ್ಕಿಡ್ ಗಿಡದ ಕುರಿತು. ಎರಡೂ ಒಂದೇ ಎಂದು ನಾನು ವಾದಿಸಿದೆ. ಅವರು ಒಪ್ಪಿದಂತೆ ಕಾಣಲಿಲ್ಲ, ಆದರೆ ಸಂಪುಟವೇ ಹನ್ನೊಂದು ತಿಂಗಳು ತಡವಾಗಿದ್ದರಿಂದ ನನ್ನೊಡನೆ ಜಗಳವಾಡುವ ಸ್ಥಿತಿಯಲ್ಲೂ ಅವರಿರಲಿಲ್ಲ.

ಹತ್ತು ವರ್ಷಗಳ ಹಿಂದೆ, ಬಿ.ಎಸ್‌ಸಿ. ಕೊನೆಯ ವರ್ಷದಲ್ಲಿದ್ದಾಗ, ರೆಕಾರ್ಡ್ ಪುಸ್ತಕಕ್ಕೆ ಸಹಿ ಹಾಕಿಸಿಕೊಳ್ಳಲು ನಾನು ಮೊದಲ ಬಾರಿ ಚಂದ್ರಾ ಲೇಔಟಿನ ಅವರ ಮನೆಗೆ ಹೋದೆ. ಆರ್ಕಿಡ್ ಎಂದರೆ ಆಗ ನನಗೆ ಗೊತ್ತಿದ್ದದ್ದು ಮದುವೆ ಛತ್ರದ ವೇದಿಕೆಯ ಹಿಂದೆ ಸಾಲಾಗಿ ಚುಚ್ಚಿರುತ್ತಾರಲ್ಲ, ಆ ನೇರಳೆ ಹೂವು ಮಾತ್ರ. ಅದು ನಿಜವಾದ ಹೂವೋ ಪ್ಲಾಸ್ಟಿಕ್ಕೋ ಎಂದು ಮುಟ್ಟಿ ನೋಡುವುದರಲ್ಲಿಗೆ ನನ್ನ ಆಸಕ್ತಿ ಮುಗಿಯುತ್ತಿತ್ತು. ಸಾರ್ ಅವರ ಮೊದಲ ಮಹಡಿಯ ಬಾಲ್ಕನಿಯಲ್ಲಿ ಮೂವತ್ತಕ್ಕೂ ಹೆಚ್ಚು ಕುಂಡಗಳು ತೂಗುತ್ತಿದ್ದವು. ಒಂದರಲ್ಲಿ ಮೊಗ್ಗಿನ ತೊಟ್ಟಿನ ಮೇಲೆ ಉದ್ದಕ್ಕೂ ಶಾಯಿಯ ಸಣ್ಣ ಗೆರೆ ಎಳೆದಿತ್ತು. ಯಾಕೆಂದು ಕೇಳಿದೆ. ಒಂದು ವಾರ ಬಿಟ್ಟು ಬಾ ಎಂದರು. ವಾರ ಬಿಟ್ಟು ಹೋದಾಗ ನೇರವಾಗಿದ್ದ ಗೆರೆ ಹಗ್ಗದ ಹುರಿಯಂತೆ ತಿರುಚಿಕೊಂಡಿತ್ತು. ಮೊಗ್ಗು ಅರಳುವ ಮುನ್ನ ತೊಟ್ಟಿನ ಮೇಲೆ ಅರ್ಧ ಸುತ್ತು ತಿರುಗಿ, ತನ್ನ ಆರು ದಳಗಳಲ್ಲಿ ಬೇರೆ ರೂಪದ ಒಂದನ್ನು ಕೆಳಕ್ಕೆ ತಂದುಕೊಳ್ಳುತ್ತದೆ. ಆ ದಳವೇ ಜೇನುನೊಣ ಬಂದಿಳಿಯುವ ಜಗಲಿ. ಇದನ್ನು ಅವರು ಹೇಳಿಕೊಡಲಿಲ್ಲ, ನಾನೇ ಭೂತಗನ್ನಡಿ ಹಿಡಿದು ಹೇಳುವವರೆಗೆ ಸುಮ್ಮನೆ ಚಹಾ ಕುಡಿಯುತ್ತ ಕುಳಿತಿದ್ದರು. ನನಗೆ ಆರ್ಕಿಡ್ ಹಿಡಿಸಿದ್ದು ಆ ದಿನ. ಹೂವಿನ ಚಂದಕ್ಕಿಂತ, ಒಂದು ವಾರ ಯಾರೂ ನೋಡದೆ ಇದ್ದಾಗ ಅದು ತನ್ನ ಪಾಡಿಗೆ ತಿರುಗುತ್ತಿತ್ತಲ್ಲ ಎಂಬುದು ಮನಸ್ಸಿಗೆ ಅಂಟಿಕೊಂಡಿತು.

ಆ ಬಾಲ್ಕನಿಯ ಮೂಲೆಯಲ್ಲಿ ಎಲೆಯೇ ಇಲ್ಲದ ಒಂದು ಗಿಡವಿತ್ತು. ಬೆರಳು ಗಾತ್ರದ, ಗಂಟುಗಂಟಾದ ನಾಲ್ಕೈದು ಕಡ್ಡಿಗಳು, ಅಷ್ಟೇ. ಅದನ್ನು ಕೊಟ್ಟವರು ಚಿಕ್ಕಹನುಮಯ್ಯನವರು. ನಮ್ಮ ಪ್ರಯೋಗಾಲಯದಲ್ಲಿ ಅಟೆಂಡರಾಗಿ ದುಡಿದು, ಹದಿನಾಲ್ಕು ವರ್ಷಗಳ ಹಿಂದೆ ನಿವೃತ್ತರಾಗಿ ಈಗ ಕೆಂಗೇರಿಯಲ್ಲಿ ಮಗನ ಮನೆಯಲ್ಲಿದ್ದಾರೆ. ನಿವೃತ್ತಿಯ ವರ್ಷ ಅವರು ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಕೊನೆಯ ದಿನ ಸಂಜೆ ಹೋದಾಗ, ಮಳಿಗೆಯವರೊಬ್ಬರು ಹೆಸರಿನ ಚೀಟಿ ಕಳೆದುಹೋದ ಒಂದು ಗಿಡವನ್ನು ಕಸದ ಬುಟ್ಟಿಗೆ ಹಾಕುತ್ತಿದ್ದರಂತೆ. ಕೇಳಿ ಇಸಿದುಕೊಂಡು ಬಂದು, ತಮ್ಮ ಬೀಳ್ಕೊಡುಗೆಯ ದಿನ ಅದನ್ನು ಸಾರ್ ಕೈಗಿಟ್ಟು, “ಹೂ ಬಿಟ್ಟಾಗ ಯಾವ ಬಣ್ಣ ಅಂತ ಒಂದು ಮಾತು ಹೇಳಿ ಸಾರ್, ನಂಗೆ ಹಳದಿ ಅನ್ಸುತ್ತೆ” ಎಂದಿದ್ದರು. ಆಮೇಲೆ ಪ್ರತಿ ವರ್ಷ ಆಯುಧಪೂಜೆಯ ದಿನ, ನಾವು ಪ್ರಯೋಗಾಲಯದ ತಕ್ಕಡಿಗಳಿಗೆ ಕುಂಕುಮ ಇಡುವ ಹೊತ್ತಿಗೆ ಸರಿಯಾಗಿ, ಅವರ ಫೋನು ಬರುತ್ತಿತ್ತು. ಹಬ್ಬದ ಶುಭಾಶಯ ಹೇಳಿ, ಬಣ್ಣ ಕೇಳುತ್ತಿದ್ದರು. ಸಾರ್ ಪ್ರತಿ ವರ್ಷವೂ ಇನ್ನೂ ಇಲ್ಲ ಎನ್ನುತ್ತಿದ್ದರು. ಮೂವತ್ತನಾಲ್ಕು ವರ್ಷಗಳ ಸೇವೆಯಲ್ಲಿ ಅವರು ಕೊಟ್ಟ ಮಾತಿನಂತೆ ಉತ್ತರಿಸಲಾಗದೆ ಉಳಿದದ್ದು ಈ ಒಂದು ಪ್ರಶ್ನೆ, ಮತ್ತು ಅದು ಅವರನ್ನು ಎಷ್ಟು ಕಾಡುತ್ತಿತ್ತು ಎಂಬುದು ಆ ಫೋನಿನ ನಂತರದ ಅವರ ಮುಖ ನೋಡಿದವರಿಗೆ ಗೊತ್ತು.

ಆ ಉತ್ತರವನ್ನು ಶಾಶ್ವತವಾಗಿ ಇಲ್ಲವಾಗಿಸಲು ಹೊರಟವಳು ನಾನು. ಈ ಲೇಖನ ಬರೆಯಲು ಒಪ್ಪಿದ್ದೇ ಅದನ್ನು ಅಚ್ಚಿನಲ್ಲಿ ಹೇಳಿಬಿಡಬೇಕೆಂದು.

ನಾನು ಕೊನೆಯ ವರ್ಷದಲ್ಲಿದ್ದ ಆ ಬೇಸಿಗೆಯಲ್ಲಿ ಸಾರ್ ಅವರ ತಾಯಿಯವರಿಗೆ ಹರಪನಹಳ್ಳಿಯಲ್ಲಿ ಕಾಯಿಲೆ ಜೋರಾಗಿ, ದಂಪತಿಗಳಿಬ್ಬರೂ ಒಂದು ತಿಂಗಳು ಊರಿಗೆ ಹೋಗಬೇಕಾಯಿತು. ಕುಂಡಗಳನ್ನು ಸಹೋದ್ಯೋಗಿಗಳಿಗೂ ನಾಲ್ಕಾರು ವಿದ್ಯಾರ್ಥಿಗಳಿಗೂ ಹಂಚಿದರು. ಮೂಲೆಯ ಗಿಡ ನನ್ನ ಪಾಲಿಗೆ ಬಂತು, ಅದರೊಂದಿಗೆ ರಟ್ಟಿನ ಒಂದು ನೋಟ್ ಪುಸ್ತಕವೂ ಬಂತು. ಅವರ ಪಾಠ ಚಿಕ್ಕದು: “ದಿನಾ ಬೆಳಿಗ್ಗೆ ಕುಂಡ ಎತ್ತಿ ನೋಡಮ್ಮ. ಹಗುರ ಅನ್ಸಿದ್ರೆ ನೀರು ಹಾಕು, ಭಾರ ಅನ್ಸಿದ್ರೆ ಸುಮ್ನಿರು. ಏನು ಅನ್ಸಿತೋ ಅದನ್ನ ಬರಿ.” ಇದಕ್ಕೆ ಅವರು ಕೈತೂಕ ಎನ್ನುತ್ತಿದ್ದರು. ಮಿಲಿಗ್ರಾಂ ತೂಗುವ ತಕ್ಕಡಿಗಳ ನಡುವೆ ಆಯುಷ್ಯ ಕಳೆದವರು ಮನೆಯಲ್ಲಿ ನಂಬುತ್ತಿದ್ದದ್ದು ತಮ್ಮ ಬಲಗೈಯನ್ನು.

ನಾನು ಸುಂಕದಕಟ್ಟೆಯ ನಮ್ಮ ಮನೆಗೆ ಗಿಡ ತಂದೆ. ಒಂಬತ್ತು ದಿನ ಶ್ರದ್ಧೆಯಿಂದ ಎತ್ತಿ ನೋಡಿ ಬರೆದೆ. ಆಮೇಲೆ ಪರೀಕ್ಷೆ ಹತ್ತಿರ ಬಂತು, “ಸ್ವಲ್ಪ ನೋಡ್ಕೋ ಅಜ್ಜಿ” ಎಂದು ಹೇಳಿ ಕೋಣೆ ಸೇರಿಕೊಂಡೆ. ನನ್ನ ಅಜ್ಜಿ ರಾಮಕ್ಕ ಹೊಲದಲ್ಲಿ ದುಡಿದು ಬೆಳೆದವಳು. ಕುಂಡದೊಳಗೆ ಬರೀ ಇದ್ದಿಲು, ಒಡೆದ ಇಟ್ಟಿಗೆ ಚೂರು ಕಂಡು ಅವಳ ಕರುಳು ಚುರ್ ಎಂದಿತು. ಇಷ್ಟು ಓದಿದ ಮೇಷ್ಟ್ರಿಗೆ ಗಿಡಕ್ಕೆ ಮಣ್ಣು ಬೇಕೆಂಬುದು ತಿಳಿಯದೆ ಹೋಯಿತೇ ಎಂದು ಮರುಗಿ, ಗಿಡವನ್ನು ಪೇಂಟ್ ಡಬ್ಬಿಯಲ್ಲಿ ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ ತುಂಬಿ ನೆಟ್ಟಳು. ಹೊರಗೆ ಚಾಚಿದ್ದ ಬೇರುಗಳನ್ನು ಮಣ್ಣಿನೊಳಕ್ಕೆ ಒತ್ತಿದಳು. ಬುಡದ ಹೊಸ ಚಿಗುರೊಂದನ್ನು ಬಿಟ್ಟು, ಎಲೆಯಿಲ್ಲದ ಹಳೆಯ ಕಡ್ಡಿಗಳನ್ನು ಕುಡುಗೋಲಿನಿಂದ ಕೊಯ್ದು ಎಸೆದಳು. ಎರಡು ಹೊತ್ತೂ ನೀರು ಹಾಕಿದಳು. ಮೂರು ವಾರದ ನಂತರ ನಾನು ಕೋಣೆಯಿಂದ ಹೊರಗೆ ಬಂದು ನೋಡಿದಾಗ ಗಿಡ ಬುಡದಿಂದ ಕೊಳೆತು, ಮುಟ್ಟಿದರೆ ಕೈಗೆ ಬರುವಂತಾಗಿತ್ತು. ಆರ್ಕಿಡ್ಡಿನ ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಕಾಡಿನಲ್ಲಿ ಮರದ ತೊಗಟೆಗೆ ಅಂಟಿಕೊಂಡು ಬದುಕುವ ನಮ್ಮ ಸೀತಾಳೆ ಹೂವಿನ ಬಳಗದ್ದು ಅದು. ಮಣ್ಣಿನಲ್ಲಿ ಹೂತರೆ ಅದಕ್ಕೆ ಉಸಿರುಗಟ್ಟುತ್ತದೆ. ಇದು ಅಜ್ಜಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಹೇಳಿರಲಿಲ್ಲ.

ಇದಕ್ಕಿಂತ ದೊಡ್ಡ ತಪ್ಪನ್ನು ನಾನು ಅದರ ಮರುದಿನ ಮಾಡಿದೆ. ಪ್ರಯೋಗಾಲಯದಲ್ಲಿ ರೀಡಿಂಗ್ ಸಿಗದಿದ್ದಾಗ ಸೂತ್ರದಿಂದ ಹಿಂದಕ್ಕೆ ಲೆಕ್ಕ ಹಾಕಿ ಅಂಕಿ ತುಂಬಿಸುವುದು ಭೌತಶಾಸ್ತ್ರದ ವಿದ್ಯಾರ್ಥಿಗಳ ಹಳೆಯ ಚಾಳಿ. ಅದೇ ಕೈಚಳಕದಿಂದ, ನೋಟ್ ಪುಸ್ತಕದಲ್ಲಿ ಖಾಲಿ ಉಳಿದಿದ್ದ ಇಪ್ಪತ್ತೊಂದು ದಿನಗಳನ್ನು ಒಂದೇ ಮಧ್ಯಾಹ್ನ ತುಂಬಿದೆ. ಹಗುರ, ನೀರು ಹಾಕಿದೆ. ಭಾರ, ಹಾಕಲಿಲ್ಲ. ನಂಬಲಿ ಎಂದು ನಡುವೆ ಒಂದು ದಿನ ‘ಮೋಡ’ ಎಂದೂ ಬರೆದೆ.

ಸಾರ್ ಊರಿನಿಂದ ಬಂದವರು ತಾವೇ ನಮ್ಮ ಮನೆಗೆ ಬಂದರು. ಡಬ್ಬಿ ನೋಡಿದರು, ಪುಸ್ತಕ ಓದಿದರು, ಪುಟವನ್ನು ಬೆಳಕಿಗೆ ಓರೆಯಾಗಿ ಹಿಡಿದರು. ಇಪ್ಪತ್ತೊಂದು ದಿನವೂ ಒಂದೇ ಶಾಯಿ, ಪೆನ್ನಿನ ಒಂದೇ ಒತ್ತು. ನಾನು ಬೈಗುಳಕ್ಕೆ ಸಿದ್ಧಳಾಗಿ ನಿಂತಿದ್ದೆ. ಅವರು ಜೇಬಿನಿಂದ ಪೆನ್ನು ತೆಗೆದು ಆ ಇಪ್ಪತ್ತೊಂದು ಸಾಲುಗಳ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ‘ಗೊತ್ತಿಲ್ಲ’ ಎಂದು ಬರೆದರು. “ಗೊತ್ತಿಲ್ಲ ಅನ್ನೋದೂ ಒಂದು ರೀಡಿಂಗೇ ಕಣಮ್ಮ. ಅದನ್ನ ಬರಿಯೋಕೆ ನಾಚಿಕೆ ಪಡಬಾರದು” ಎಂದರು. ನನಗೆ ನೆಲ ಬಿರಿಯಬಾರದೇ ಎನ್ನಿಸಿತು. ಅದೇ ವಿಭಾಗದಲ್ಲಿ ನಾನೂ ಬೋಧಕಿಯಾಗಿರುವ ಇವತ್ತಿಗೂ, ನನ್ನ ವಿದ್ಯಾರ್ಥಿಗಳ ರೆಕಾರ್ಡ್ ಪುಸ್ತಕದಲ್ಲಿ ತೀರ ಅಚ್ಚುಕಟ್ಟಾದ ಅಂಕಿಗಳನ್ನು ಕಂಡರೆ ಆ ಓರೆ ಬೆಳಕಿನ ಪುಟವೇ ಕಣ್ಣಿಗೆ ಬರುತ್ತದೆ.

ಅಷ್ಟಕ್ಕೆ ಮುಗಿಸಿ ಹೊರಡುವ ಮನುಷ್ಯರಲ್ಲ ಅವರು. ಅಜ್ಜಿಯ ಎದುರು ಮಣೆ ಹಾಕಿಸಿಕೊಂಡು ಕುಳಿತು, ಏನೇನು ಮಾಡಿದಿರಿ ಎಂದು ಮೊದಲಿನಿಂದ ಕೇಳಿದರು. ಅದರಲ್ಲಿ ದೋಷಾರೋಪಣೆಯ ಸ್ವರವೇ ಇರಲಿಲ್ಲ. ಅಜ್ಜಿಯೂ ಉತ್ಸಾಹದಿಂದ ಎಲ್ಲ ವಿವರಿಸಿದಳು. ಕೊಯ್ದ ಕಡ್ಡಿಗಳನ್ನು ಎಲ್ಲಿ ಹಾಕಿದಿರಿ ಎಂದು ಕೇಳಿದಾಗ, “ನೀರೊಲೆಗೆ ಆಯ್ತದೆ ಅಂತ ತೆಂಗಿನ ಮಟ್ಟೆ ಗುಡ್ಡೆ ಮೇಲೆ ಬಿಸಾಕ್ದೆ ಸ್ವಾಮಿ” ಎಂದಳು. ಸಾರ್ ಎದ್ದು ಹಿತ್ತಲಿಗೆ ನಡೆದರು. ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಮಟ್ಟೆ ರಾಶಿಯ ಮುಂದೆ ಮಂಡಿಯೂರಿ ಒಂದೊಂದೇ ಮಟ್ಟೆ ಸರಿಸಿದರು. ಕಡ್ಡಿಗಳಲ್ಲಿ ಮೂರು ಆಗಲೇ ಒಲೆ ಸೇರಿದ್ದವು. ಉಳಿದ ಎರಡರಲ್ಲಿ ಒಂದು ಒಣಗಿತ್ತು. ಇನ್ನೊಂದರ ಗಂಟಿನಲ್ಲಿ ಉಗುರಿನಷ್ಟು ಹಸಿರು ಚಿಗುರು, ಅದರ ಬುಡದಲ್ಲಿ ದಾರದಂತಹ ಬಿಳಿ ಬೇರು. ಆರೈಕೆಗೆ ಸಿಕ್ಕಿದ ಗಿಡ ಸತ್ತು, ಎಸೆದ ಕಡ್ಡಿ ಬದುಕಿತ್ತು.

ಆ ಹೊತ್ತಿನಲ್ಲಿ ಸಾರ್ ಅವರಿಗೆ ಆದ ಸಂತೋಷವನ್ನು ನಾನು ವರ್ಣಿಸಲಾರೆ. ಒಗೆಯುವ ನೀರು ಎಷ್ಟು ಹೊತ್ತಿಗೆ ಎರಚುತ್ತದೆ, ಬಿಸಿಲು ಯಾವಾಗ ಬೀಳುತ್ತದೆ, ರಾಶಿ ಒಣಗಲು ಎಷ್ಟು ದಿನ ಬೇಕು ಎಂದೆಲ್ಲ ಅಜ್ಜಿಯಿಂದ ಕೇಳಿ, ಅದೇ ಪುಸ್ತಕದಲ್ಲಿ, ನನ್ನ ಸುಳ್ಳು ಸಾಲುಗಳ ಕೆಳಗೆ, ಬರೆದುಕೊಂಡರು. ಒಂದು ಚೀಲ ಮಟ್ಟೆಯನ್ನೂ ಕೇಳಿ ಪಡೆದರು. ಅಂದಿನಿಂದ ಅವರ ಕುಂಡಗಳಿಗೆ ಇದ್ದಿಲಿನ ಜೊತೆ ಸುಂಕದಕಟ್ಟೆಯ ಮಟ್ಟೆಯ ತುಂಡು ಬೀಳತೊಡಗಿತು. ಅಜ್ಜಿ ತಾನು ಬದುಕಿರುವವರೆಗೆ ಪ್ರತಿ ಯುಗಾದಿಗೆ ಒಂದು ಚೀಲ ಕಳಿಸುತ್ತಿದ್ದಳು. ಮೇಷ್ಟ್ರಿಗೆ ತಾನು ಪಾಠ ಹೇಳಿದವಳು ಎಂದು ಬೀದಿಯವರಿಗೆಲ್ಲ ಹೇಳಿಕೊಳ್ಳುತ್ತಿದ್ದಳು, ಅದು ಸುಳ್ಳೂ ಆಗಿರಲಿಲ್ಲ.

ಮನೆಯಲ್ಲಿ ಆರ್ಕಿಡ್ ಬೆಳೆಸಬೇಕೆನ್ನುವವರು ಆ ಬಾಲ್ಕನಿಯಲ್ಲಿ ಒಂದು ಬೆಳಿಗ್ಗೆ ಕಳೆದರೆ ಸಾಕು. ತೂತುಗಳಿರುವ ಮಣ್ಣಿನ ಕುಂಡ, ಇದ್ದಿಲು, ಇಟ್ಟಿಗೆ ಚೂರು, ನೆನೆಸಿ ತೊಳೆದ ಮಟ್ಟೆ ತುಂಡು, ಇದಕ್ಕಿಂತ ಹೆಚ್ಚಿನ ಸರಂಜಾಮು ಅಲ್ಲಿಲ್ಲ. ಪೂರ್ವದ ಎಳೆಬಿಸಿಲು ಬೀಳಬೇಕು, ಹತ್ತು ಗಂಟೆಯ ನಂತರದ್ದು ಹಸಿರು ಬಲೆಯಲ್ಲಿ ಸೋಸಿ ಬರಬೇಕು. ಎಲೆ ಕಡುಹಸಿರಾದರೆ ಬೆಳಕು ಸಾಲದು, ಹಳದಿಗೆ ತಿರುಗಿದರೆ ಅತಿಯಾಯಿತು. ಬೇರು ಒಣಗಿದಾಗ ಬೆಳ್ಳಿಯಂತೆ ಬಿಳುಪಾಗಿರುತ್ತದೆ, ನೀರು ಕುಡಿದ ಕೂಡಲೇ ಹಸಿರಾಗುತ್ತದೆ, ಹಾಗಾಗಿ ಬಾಯಾರಿಕೆಯನ್ನು ಅದೇ ತೋರಿಸುತ್ತದೆ. ಫೆಬ್ರವರಿ ಮಾರ್ಚಿನಲ್ಲಿ ಬೆಂಗಳೂರಿನ ಗಾಳಿ ಒಣಗಿದಾಗ ಕುಂಡದ ಕೆಳಗೆ ಜಲ್ಲಿಕಲ್ಲು, ನೀರು ತುಂಬಿದ ತಟ್ಟೆ ಇಡಬೇಕು. ಗೊಬ್ಬರ ಹಾಕುವುದಾದರೆ ಮಜ್ಜಿಗೆಗಿಂತ ತೆಳ್ಳಗೆ. ಹೊಸ ಬೇರು ಇಣುಕುವವರೆಗೆ ಕುಂಡ ಬದಲಿಸಬಾರದು. ಇಷ್ಟನ್ನೂ ಪಾಲಿಸಿದ ಸಾರ್ ಅವರ ಬೇರೆ ಗಿಡಗಳು ಸರದಿಯ ಮೇಲೆ ಹೂ ಬಿಡುತ್ತಿದ್ದವು, ಒಂದೊಂದು ಹೂವೂ ತಿಂಗಳುಗಟ್ಟಲೆ ನಿಲ್ಲುತ್ತಿತ್ತು.

ಮೂಲೆಯ ಗಿಡ ಮಾತ್ರ ಬಿಡಲಿಲ್ಲ. ಉಗುರಿನಷ್ಟಿದ್ದ ಚಿಗುರು ಮೂರು ವರ್ಷದಲ್ಲಿ ದಷ್ಟಪುಷ್ಟ ಕಡ್ಡಿಗಳ ಗುಂಪಾಯಿತು. ಪ್ರತಿ ಚಳಿಗಾಲದಲ್ಲಿ ಎಲೆ ಉದುರಿಸಿ, ಗಂಟುಗಳಲ್ಲಿ ಉಬ್ಬಿ, ಇನ್ನೇನು ಮೊಗ್ಗು ಎಂದು ನಾವು ಕಾಯುವಷ್ಟರಲ್ಲಿ ಉಬ್ಬಿದ್ದೆಲ್ಲ ಮರಿಗಿಡವಾಗುತ್ತಿತ್ತು. ಬಣ್ಣ ತಿಳಿಯದ ಗಿಡವನ್ನು ಇನ್ನೊಬ್ಬರಿಗೆ ಕೊಡುವುದು ಸರಿಯಲ್ಲವೆಂದು ಸಾರ್ ಆ ಮರಿಗಳನ್ನೂ ಅದೇ ಕುಂಡದಲ್ಲಿ ಉಳಿಸಿಕೊಂಡರು. ಇಂಥ ಗಿಡ ಹೂ ಬಿಡಬೇಕಾದರೆ ಚಳಿಗಾಲದಲ್ಲಿ ಎರಡು ಮೂರು ತಿಂಗಳು ಒಣಗಿರಬೇಕು, ಉಪವಾಸ ಮಾಡಿಸದಿದ್ದರೆ ಮರಿ ಹಾಕುತ್ತಲೇ ಇರುತ್ತದೆ ಎಂಬುದನ್ನು ಅವರು ಓದಿ ತಿಳಿದಿದ್ದರು. ಡಿಸೆಂಬರಿನಿಂದ ಒಂದು ಹನಿ ನೀರನ್ನೂ ಹಾಕುತ್ತಿರಲಿಲ್ಲ. ಆದರೂ ಬೆಳಿಗ್ಗೆ ಆರಕ್ಕೆ ಎತ್ತಿ ನೋಡಿದಾಗ ಕುಂಡ ಇರಬೇಕಾದ್ದಕ್ಕಿಂತ ಒಂದಿಷ್ಟು ಭಾರ. ಪುಸ್ತಕದಲ್ಲಿ ವರ್ಷ ವರ್ಷವೂ ಆ ಸಾಲು ಇದೆ: ‘ಸ್ವಲ್ಪ ಭಾರ. ಕಾರಣ ಗೊತ್ತಿಲ್ಲ.’ ಮಂಜಿರಬಹುದು, ಮಟ್ಟೆ ತೇವ ಹಿಡಿದಿಟ್ಟಿರಬಹುದು, ವಯಸ್ಸಾಗಿ ಕೈಯೇ ತಪ್ಪು ಹೇಳುತ್ತಿರಬಹುದು ಎಂದೆಲ್ಲ ಊಹಿಸಿದರು. ಕೊನೆಯ ಊಹೆ ಅವರನ್ನು ಕುಗ್ಗಿಸಿತ್ತು. ನಿವೃತ್ತಿಗೆ ಮುಂಚಿನ ಆಯುಧಪೂಜೆಯಂದು ಹನುಮಯ್ಯನವರ ಫೋನು ಇಟ್ಟ ಮೇಲೆ, “ಇನ್ನೆಷ್ಟು ಸಲ ಕೇಳ್ತಾರೋ ಪಾಪ, ಅವರಿಗೂ ವಯಸ್ಸಾಯ್ತು” ಎಂದು ನನ್ನೆದುರು ಹೇಳಿದರು.

ಇನ್ನು ನಿವೃತ್ತಿಯ ವಿಷಯ. ಈ ಸಂಪುಟದ ಇತರ ಲೇಖಕರು ಸಾರ್ ನಿವೃತ್ತಿಯಿಂದ ಕಾಲೇಜಿಗಾದ ನಷ್ಟವನ್ನು ಬರೆದಿದ್ದಾರೆ. ಅದರಿಂದ ಆದ ಒಂದು ಲಾಭವನ್ನು ನಾನು ದಾಖಲಿಸುತ್ತೇನೆ. ಮೂವತ್ತನಾಲ್ಕು ವರ್ಷ ಅವರು ಬೆಳಿಗ್ಗೆ ಎಂಟಕ್ಕೆ ಕಾಲೇಜಿಗೆ ಹೊರಟುಬಿಡುತ್ತಿದ್ದರು. ಭಾನುವಾರ ಮಾರೇನಹಳ್ಳಿಯ ಮಕ್ಕಳಿಗೆ ಉಚಿತ ಪಾಠ. ರಜೆಯಿದ್ದರೆ ಮುಂಬಾಗಿಲಲ್ಲಿ ಪತ್ರಿಕೆ ಹಿಡಿದು ಕೂರುವುದು. ಬೆಳಿಗ್ಗೆ ಒಂಬತ್ತು ಗಂಟೆಗೆ ತಮ್ಮ ಸ್ವಂತ ಬಾಲ್ಕನಿ ಹೇಗಿರುತ್ತದೆಂದು ಅವರು ನೋಡಿಯೇ ಇರಲಿಲ್ಲ. ಕಳೆದ ಡಿಸೆಂಬರಿನಲ್ಲಿ, ನಿವೃತ್ತಿಯ ಮೊದಲ ಚಳಿಗಾಲದಲ್ಲಿ, ಬಿಸಿಲು ಕಾಯಿಸಿಕೊಳ್ಳಲು ಕುರ್ಚಿಯನ್ನು ಅಲ್ಲಿಗೆ ಎಳೆದುಕೊಂಡರು. ಒಂಬತ್ತು ಗಂಟೆಗೆ ಅವರ ಧರ್ಮಪತ್ನಿ ಜಗದಾಂಬಾ ಅವರು ಲಿಂಗಪೂಜೆ ಮುಗಿಸಿ, ಅಭಿಷೇಕದ ನೀರಿನ ಚೊಂಬು ಹಿಡಿದು ಬಂದು, ನೇರವಾಗಿ ಮೂಲೆಗೆ ಹೋಗಿ, ಆ ಗಿಡದ ಬುಡಕ್ಕೆ ಭಕ್ತಿಯಿಂದ ಸುರಿದು, ಕೈಮುಗಿದು ಒಳಗೆ ಹೋದರು.

ಪೂಜೆಯ ನೀರನ್ನು ಯಾರೂ ತುಳಿಯಬಾರದು, ಹಾಗಾಗಿ ಗಿಡಕ್ಕೆ ಹಾಕುವುದು ಅವರ ಮನೆತನದ ಪದ್ಧತಿ. ಮೂಲೆಯ ಕುಂಡದಿಂದ ಸೋರಿದ ನೀರು ಯಾರೂ ಕಾಲಿಡದ ಕಟ್ಟೆಯ ಮೇಲೆ ಬೀಳುತ್ತಿತ್ತು. ಜೊತೆಗೆ, ಎಲ್ಲ ಗಿಡಗಳಲ್ಲೂ ಬಡವಾಗಿ ಕಾಣುತ್ತಿದ್ದದ್ದು ಅದೇ. ಗಿಡ ಆ ಮನೆಗೆ ಬಂದಾಗಿನಿಂದ ದಿನವೂ ತಪ್ಪದೆ ಒಂದು ಚೊಂಬು. ಸಾರ್ ಒಳಗೆ ಹೋಗಿ ಪುಸ್ತಕ ತಂದು ಹಳೆಯ ಸಾಲುಗಳನ್ನೆಲ್ಲ ತಿರುವಿದರಂತೆ. ತಮ್ಮ ಕೈ ಇಷ್ಟು ವರ್ಷವೂ ಸರಿಯಾಗಿಯೇ ಹೇಳುತ್ತಿತ್ತೆಂದು ತಿಳಿದು ಅವರಿಗೆ ಕಣ್ಣು ತುಂಬಿತೆಂದು ಜಗದಾಂಬಾ ಅವರೇ ನನಗೆ ಹೇಳಿದರು. “ಮೊದ್ಲೇ ಕೇಳಿದ್ರೆ ಹೇಳ್ತಿದ್ದೆ. ಇವ್ರು ಮಂಜನ್ನ ಕೇಳಿದ್ರು, ಮಟ್ಟೆಯನ್ನ ಕೇಳಿದ್ರು, ನನ್ನನ್ನ ಮಾತ್ರ ಕೇಳ್ಲಿಲ್ಲ” ಎಂದು ನಗುತ್ತ ಸೇರಿಸಿದರು. ಮರುದಿನದಿಂದ ಚೊಂಬಿನ ನೀರು ಕೆಳಗಿನ ದಾಸವಾಳಕ್ಕೆ ಹೋಯಿತು.

ಫೆಬ್ರವರಿಯ ಕೊನೆಯಲ್ಲಿ ಗಂಟುಗಳು ಉಬ್ಬಿದವು. ಈ ಬಾರಿ ಮರಿಯಾಗಲಿಲ್ಲ. ಮಾರ್ಚ್ ಎರಡನೆಯ ವಾರ ಒಂದು ಕಡ್ಡಿಯ ಉದ್ದಕ್ಕೂ ಹನ್ನೊಂದು ಹೂವು ಅರಳಿದವು. ಅಚ್ಚ ಬಿಳಿ, ದಳದ ತುದಿಯಲ್ಲಿ ನೇರಳೆ, ಗಂಟಲಲ್ಲಿ ಕಡುಗೆಂಪಿನ ಒಂದು ಬೊಟ್ಟು. ದಳಗಳಲ್ಲಿ ಹಳದಿಯ ಸುಳಿವೇ ಇರಲಿಲ್ಲ. ಸಾರ್ ಫೋನು ಮಾಡಿ ಹೇಳಬಹುದಿತ್ತು, ಫೋಟೋ ಕಳಿಸಬಹುದಿತ್ತು. ಅದರ ಬದಲು ಕುಂಡವನ್ನು ಎದೆಗವಚಿಕೊಂಡು, ನನ್ನನ್ನೂ ಜೊತೆಗೆ ಕರೆದುಕೊಂಡು, ಅತ್ತಿಗುಪ್ಪೆಯಲ್ಲಿ ಮೆಟ್ರೋ ಹತ್ತಿದರು. ತಪಾಸಣೆಯ ಹೆಣ್ಣುಮಗಳು ಬಗ್ಗಿ ನೋಡಿ, “ಪ್ಲಾಸ್ಟಿಕ್ಕಾ ಸಾರ್?” ಎಂದು ಕೇಳಿದಳು. ಮುಟ್ಟಿ ನೋಡಮ್ಮ ಎಂದು ಸಾರ್ ಕುಂಡ ಮುಂದೆ ಹಿಡಿದರು. ನಮ್ಮ ಹಿಂದೆ ಸಾಲು ಬೆಳೆಯಿತು.

ಕೆಂಗೇರಿಯಲ್ಲಿ ಹನುಮಯ್ಯನವರು ಬಾಗಿಲಲ್ಲೇ ನಿಂತಿದ್ದರು. ಎಪ್ಪತ್ನಾಲ್ಕರ ವಯಸ್ಸು, ಬೆನ್ನು ಬಾಗಿದೆ, ಕಣ್ಣು ಚುರುಕಾಗಿದೆ. ಕುಂಡವನ್ನು ಮೇಜಿನ ಮೇಲಿಟ್ಟು ಸುತ್ತ ಒಂದು ಪ್ರದಕ್ಷಿಣೆ ಬಂದರು. ಹದಿನಾಲ್ಕು ವರ್ಷ ಕಾದ ಉತ್ತರವನ್ನು ಬಹಳ ಹೊತ್ತು ನೋಡಿ, “ನಂದು ತಪ್ಪಾಯ್ತು ಸಾರ್, ಹಳದಿ ಅಲ್ಲ” ಎಂದರು. ಸಾರ್ ಮುಖದಲ್ಲಿ ನಾನು ಆ ಹಳೆಯ ಹಬ್ಬದ ಕಳೆ ಕಂಡೆ. ಇಲ್ಲಿಗೆ ಇದು ಮುಗಿಯಿತು ಎಂದುಕೊಂಡೆ. ಆದರೆ ಹನುಮಯ್ಯನವರು ಹೂವಿನ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡು, “ಇದರ ಬೀಜದಿಂದ ಬಂದ ಗಿಡಾನೂ ಇದೇ ಬಣ್ಣ ಬಿಡುತ್ತಾ ಸಾರ್?” ಎಂದು ಕೇಳಿದರು.

ಆರ್ಕಿಡ್ ಬೀಜ ಧೂಳಿಗಿಂತ ಸಣ್ಣದು. ಕಾಯಿ ಬಲಿಯಲು ಮುಕ್ಕಾಲು ವರ್ಷ, ಪ್ರಯೋಗಾಲಯದ ಗಾಜಿನ ಶೀಶೆಯಲ್ಲಿ ಮೊಳೆಸಲು ಒಂದೆರಡು ವರ್ಷ, ಹೊರಗೆ ತಂದು ಹೂವು ಕಾಣಲು ಮತ್ತೆ ನಾಲ್ಕೋ ಐದೋ ವರ್ಷ. ಒಟ್ಟು ಏಳು ಅಂದುಕೊಳ್ಳಬಹುದು. ಇದೆಲ್ಲ ನಮ್ಮ ಮೂವರಿಗೂ ಗೊತ್ತಿತ್ತು. ಸಾರ್ ಅವರಿಗೆ ಈಗ ಅರವತ್ತೊಂದು. ಅವರು ಒಂದು ಬೆಂಕಿಕಡ್ಡಿ ಕೇಳಿ ಪಡೆದು, ಅದರ ತುದಿಯಿಂದ ಒಂದು ಹೂವಿನ ಹಳದಿ ಪರಾಗದ ಗಂಟನ್ನು ತೆಗೆದು, ಅದೇ ಹೂವಿನ ಗಂಟಲಿಗೆ ಮೆಲ್ಲಗೆ ತಾಗಿಸಿದರು. ಆಮೇಲೆ ಚೀಲದಿಂದ ರಟ್ಟಿನ ಪುಸ್ತಕ ತೆಗೆದು ಹೊಸ ಪುಟದಲ್ಲಿ ತಾರೀಖು ಹಾಕಿ, ಹನುಮಯ್ಯನವರ ಪ್ರಶ್ನೆಯನ್ನು ಅವರ ಮಾತಿನಲ್ಲೇ ಬರೆದು, ಕೆಳಗೆ ‘ಗೊತ್ತಿಲ್ಲ’ ಎಂದು ಬರೆದರು. ಅದರ ಮುಂದೆ ಒಂದಿಷ್ಟು ಜಾಗ ಬಿಟ್ಟರು.

ಕಾಯಿ ನಿಂತಿದೆ. ಮೊನ್ನೆ ಸಾರ್ ಅವರ ಬಾಲ್ಕನಿಯಲ್ಲಿ ಎತ್ತಿ ನೋಡಿದೆ, ಕುಂಡ ಹಗುರವಾಗಿತ್ತು, ನೀರು ಹಾಕಿದೆ. ಪೂಜ್ಯ ಗುರುಬಸಪ್ಪನವರಿಗೂ ಅವರ ಅಭಿಷೇಕದ ಚೊಂಬನ್ನು ಕಾಯುವ ಜಗದಾಂಬಾ ಅವರಿಗೂ ನನ್ನ ನಮಸ್ಕಾರಗಳು. ಆಯುರಾರೋಗ್ಯವನ್ನು ಎಷ್ಟು ಕೋರಬೇಕೆಂದು ಇಂಥ ಲೇಖನಗಳಲ್ಲಿ ಯಾರೂ ಅಳೆದು ಹೇಳುವುದಿಲ್ಲ. ನಾನು ಅವರ ವಿದ್ಯಾರ್ಥಿನಿಯಾದ್ದರಿಂದ ಅಳೆದೇ ಕೋರುತ್ತೇನೆ. ಏಳು ವರ್ಷದ ನಂತರ ಒಂದು ಮಾರ್ಚ್ ತಿಂಗಳ ಬೆಳಿಗ್ಗೆ ಸಾರ್ ಮತ್ತೆ ಒಂದು ಕುಂಡ ಹಿಡಿದು ಕೆಂಗೇರಿಯ ಮೆಟ್ರೋ ಹತ್ತಬೇಕು, ಬಾಗಿಲಲ್ಲಿ ಹನುಮಯ್ಯನವರು ನಿಂತಿರಬೇಕು, ಬಿಟ್ಟ ಜಾಗದಲ್ಲಿ ಬಣ್ಣದ ಹೆಸರು ಬರೆದಾದ ಮೇಲೆ ಅವರು ಇನ್ನೊಂದು ಪ್ರಶ್ನೆ ಕೇಳಬೇಕು.

ಸಂಘಮಿತ್ರಾ
ಭೌತಶಾಸ್ತ್ರ ವಿಭಾಗ